ಕಾಡುಬಾದಾಮಿಯ ಕೆಂಪು

ಬೆಂಗಳೂರಿನಲ್ಲಿ ಎಲೆ ಕೆಂಪಾಗುವ ಕಾಲ ಎಲ್ಲಿದೆ ಅಂತ ಕೇಳುವವರನ್ನು ಜನವರಿಯಲ್ಲಿ ಒಂದು ಕಾಡುಬಾದಾಮಿ ಮರದ ಕೆಳಗೆ ನಿಲ್ಲಿಸಬೇಕು. ಜಯನಗರದ ನಮ್ಮ ಪಾರ್ಕಿನಲ್ಲಿ ಅಂಥದ್ದೊಂದಿದೆ. ಅಂಗೈಗಿಂತ ದೊಡ್ಡ ಎಲೆಗಳು, ಉದುರುವ ಮುಂಚೆ ಕಡುಗೆಂಪು. ಹಸಿರು ಕರಗುತ್ತಾ ಹೋದಂತೆ ಎಲೆಯೊಳಗೆ ಆಂಥೋಸಯನಿನ್ ಎಂಬ ಕೆಂಪು ಬಣ್ಣ ತುಂಬಿಕೊಳ್ಳುತ್ತದೆ. ನರಗಳ ಅಕ್ಕಪಕ್ಕ ಮಾತ್ರ ಹಸಿರು ಇನ್ನೂ ಸ್ವಲ್ಪ ಉಳಿದಿರುತ್ತದೆ. ಚಿತ್ರ ಬಿಡಿಸುವಾಗ ನನಗೆ ಜಾಸ್ತಿ ಖುಷಿ ಕೊಡುವುದು ಆ ಜಾಗವೇ. ಮೊದಲು ತೆಳು ಹಳದಿ ಬಳಿಯುತ್ತೇನೆ. ಅದು ಹಸಿಯಿರುವಾಗಲೇ ಕೆಂಪು ತಾಗಿಸಿದರೆ ಎರಡೂ ತಾವಾಗಿಯೇ ಬೆರೆಯುತ್ತವೆ. ಹುಳ ತಿಂದ ತೂತುಗಳನ್ನೂ ಬಿಡುವುದಿಲ್ಲ. ಎಲೆಯ ಕಥೆ ಅದರಲ್ಲೂ ಇದೆ ಅಲ್ವಾ? ಬೆಳಿಗ್ಗೆ ಬೇಗ ಹೋಗಬೇಕು, ಗುಡಿಸುವವರು ಬರುವ ಮೊದಲು. ಈ ವಾರ ಎಲೆ ಚೆನ್ನಾಗಿ ಬಿದ್ದಿದೆ. ಸುಮ್ನೆ ಒಂದು ಪೆನ್ಸಿಲ್ ಹಿಡಿದು ಬನ್ನಿ.