ನೀವು ರೀಡಿಂಗ್ ಬರ್ಕೊಳ್ರಮ್ಮ

ಸ್ಮರಣ ಸಂಚಿಕೆಗೆ ಏನಾದ್ರೂ ಬರ್ದು ಕಳ್ಸಿ ಅಂತ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬಂದಾಗ ನಂಗೆ ಮೊದ್ಲು ಕಣ್ಮುಂದೆ ಬಂದಿದ್ದು ಲ್ಯಾಬು. ಈಗಿರೋ ಟೈಲ್ಸ್ ಹಾಕಿದ ರೂಮಲ್ಲ, ಹಳೇ ಹೆಂಚಿನ ಕಟ್ಟಡದ ಕೊನೇ ಕೋಣೆ, ಎರಡು ಮರದ ಬೀರು, ಒಂದು ಉದ್ದ ಟೇಬಲ್ಲು, ಗೋಡೆ ಮೇಲೆ ಪೇಟ ಸುತ್ಕೊಂಡಿರೋ ಸಿ.ವಿ. ರಾಮನ್ ಅವ್ರ ಫೋಟೋ. ನಾನು 1996ರಲ್ಲಿ ಎಂಟನೇ ಕ್ಲಾಸಿಗೆ ಸೇರಿ 1999ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಹೋದೋಳು.

ಬರೆಯೋಕ್ಕೆ ಮುಂಚೆ ಒಂದು ವಾರ ಯೋಚ್ನೆ ಮಾಡ್ದೆ, ಇದನ್ನ ಬರೀಬೇಕಾ ಬೇಡ್ವಾ ಅಂತ. ಯಾಕಂದ್ರೆ ಇದು ನಂಗೆ ತುಂಬಾ ಒಳ್ಳೇದು ಮಾಡಿದ ಒಬ್ಬ ಮೇಷ್ಟ್ರ ಬಗ್ಗೆ, ಅವ್ರ ಬಗ್ಗೆ ದೂರು ಹೇಳ್ದಂಗೆ ಆಗುತ್ತೇನೋ ಅನ್ನೋ ಭಯ. ಆದ್ರೂ ಬರೀತಿದೀನಿ.

ನಮ್ಮ ಸೈನ್ಸ್ ಮೇಷ್ಟ್ರು ಬೆಳಿಗ್ಗೆ ಏಳು ಗಂಟೆಗೇ ಬಂದು ಸ್ಪೆಷಲ್ ಕ್ಲಾಸ್ ತಗೋತಿದ್ರು, ಒಂದು ರೂಪಾಯಿ ಇಸ್ಕೊಂಡೋರಲ್ಲ. ಎಷ್ಟೋ ಹುಡುಗರ ಪರೀಕ್ಷೆ ಫೀಸು ಅವ್ರ ಜೇಬಿಂದ ಹೋಗಿದೆ. ಒಂಬತ್ತನೇ ಕ್ಲಾಸ್ ಆದ್ಮೇಲೆ ನಮ್ಮಪ್ಪ ನನ್ನ ಬಿಡಿಸ್ಬೇಕು ಅಂತ ಇದ್ದಾಗ ಸೈಕಲ್ ತುಳ್ಕೊಂಡು ನಮ್ಮೂರಿಗೆ ಬಂದು ಜಗಲಿ ಮೇಲೆ ಕೂತು ಅಪ್ಪನ ಹತ್ರ ಮಾತಾಡಿದ್ರು, "ಹುಡುಗಿ ಚೆನ್ನಾಗಿ ಓದ್ತಾಳೆ ಕಣ್ರೀ, ಎಸ್ಸೆಸ್ಸೆಲ್ಸಿ ಆಗ್ಲಿ, ಆಮೇಲೆ ಟಿಸಿಎಚ್ ಮಾಡ್ಸಿ, ಮನೆ ಹತ್ರಾನೇ ಸ್ಕೂಲಲ್ಲಿ ಕೆಲ್ಸ ಸಿಗುತ್ತೆ, ಮದುವೆಗೂ ಅನುಕೂಲ." ಆ ಮಾತಿಂದಾನೇ ನಾನು ಹತ್ತನೇ ಕ್ಲಾಸಿಗೆ ಬಂದಿದ್ದು. ಅದೇ ವಾರ ಮಿಲ್ ಓನರ್ ಮಗನಿಗೆ, ನಂಗಿಂತ ಕಮ್ಮಿ ಮಾರ್ಕ್ಸ್ ತಗೊಳ್ತಿದ್ದೋನಿಗೆ, "ನೀನು ಸೈನ್ಸ್ ತಗೊಂಡು ಸಿಇಟಿ ಬರೀಬೇಕು" ಅಂತ ಕ್ಲಾಸಲ್ಲೇ ಹೇಳಿದ್ರು. ಆಗ ನಂಗೆ ಇದ್ರಲ್ಲಿ ಏನೂ ವಿಶೇಷ ಕಾಣ್ಲಿಲ್ಲ, ಮೇಷ್ಟ್ರು ನಮ್ಮನೆ ತನಕ ಬಂದ್ರಲ್ಲ ಅನ್ನೋ ಹೆಮ್ಮೇನೇ ತಿಂಗಳುಗಟ್ಲೆ ಇತ್ತು.

ಹತ್ತನೇ ಕ್ಲಾಸಲ್ಲಿ ಓಮ್‌ನ ನಿಯಮ ಬಂತು. ಲ್ಯಾಬಲ್ಲಿ ಇದ್ದಿದ್ದೇ ಎರಡು ಸೆಟ್ ಸಾಮಾನು, ಬ್ಯಾಟರಿ, ರಿಯೋಸ್ಟ್ಯಾಟು, ಕರೆಂಟ್ ಅಳೆಯೋ ಆಮ್ಮೀಟರು, ವೋಲ್ಟೇಜ್ ಅಳೆಯೋ ವೋಲ್ಟ್‌ಮೀಟರು, ತುದಿ ಕಿತ್ತೋಗಿರೋ ಒಂದಷ್ಟು ವೈರು. ಮೇಷ್ಟ್ರು ಗುಂಪು ಮಾಡಿ ಒಂದೊಂದು ಗುಂಪಲ್ಲಿ ಹುಡುಗರು ಹುಡುಗೀರು ಇಬ್ಬರನ್ನೂ ಹಾಕೋರು, ಅದು ಆಗಿನ ಕಾಲಕ್ಕೆ ದೊಡ್ಡ ವಿಷ್ಯಾನೇ, ಬೇರೆ ಯಾವ ಕ್ಲಾಸಲ್ಲೂ ನಾವು ಒಟ್ಟಿಗೆ ಕೂತಿದ್ದಿಲ್ಲ. ಹಾಕಿದ್ಮೇಲೆ ಹೇಳೋರು, "ಹುಡುಗ್ರು ಕನೆಕ್ಷನ್ ಕೊಡ್ರೋ, ನೀವು ರೀಡಿಂಗ್ ಬರ್ಕೊಳ್ರಮ್ಮ, ನಿಮ್ಮ ಅಕ್ಷರ ದುಂಡಗಿದೆ." ಹುಡುಗರು ವೈರ್ ತಿರುಚೋರು, ಸುಲಿಯೋರು, ತಪ್ಪು ಕೊಟ್ಟು ಬೈಸ್ಕೊಳ್ಳೋರು, ಮತ್ತೆ ಬಿಚ್ಚಿ ಕೊಡೋರು. ನಾವು ಸ್ಕೇಲ್ ಇಟ್ಟು ಗೆರೆ ಹೊಡೆದು ಟೇಬಲ್ ಹಾಕ್ಕೊಂಡು ಅವ್ರು ಕೂಗಿದ ನಂಬರ್ ಬರ್ಕೊಳ್ಳೋರು. ಇಡೀ ವರ್ಷದಲ್ಲಿ ನಾನು ಒಂದು ಸಲಾನೂ ಆ ಆಮ್ಮೀಟರ್ ಮುಟ್ಟಿಲ್ಲ. ನನ್ನ ರೆಕಾರ್ಡ್ ಬುಕ್ಕನ್ನ ಎಲ್ಲಾ ಸೆಕ್ಷನ್ನಿಗೂ ತಗೊಂಡೋಗಿ ತೋರಿಸಿದ್ರು.

ಒಂದಿನ ಎದ್ದು ನಿಂತು ಕೇಳಿದೆ, ಸಾರ್, ಆಮ್ಮೀಟರ್ ಸೀರೀಸಲ್ಲಿ ಯಾಕೆ, ವೋಲ್ಟ್‌ಮೀಟರ್ ಮಾತ್ರ ಪ್ಯಾರಲಲ್ ಯಾಕೆ, ಅದಲು ಬದಲು ಮಾಡಿದ್ರೆ ಏನಾಗುತ್ತೆ. ಅವ್ರು ನಗ್ತಾನೇ ಹೇಳಿದ್ರು, "ಅದೆಲ್ಲ ಪರೀಕ್ಷೆಗೆ ಬರಲ್ಲಮ್ಮ, ಚಿತ್ರ ನೀಟಾಗಿ ಬರ್ದು ಭಾಗ ಗುರುತಿಸು ಸಾಕು." ಕೂತ್ಕೊಂಡೆ. ಹಿಂದಿನ ಬೆಂಚಿಂದ ಯಾರೋ ಹುಡುಗಿ, ಹುಡುಗೀನೇ, "ಜಂಬ" ಅಂದ್ಲು. ಸುಮಾರು ಹತ್ತು ದಿನ ಆದ್ಮೇಲೆ ಮಿಲ್ ಓನರ್ ಮಗ ಅದೇ ಪ್ರಶ್ನೆ ಕೇಳ್ದ, ಬಹುಶಃ ನಾನು ಕೇಳಿದ್ದು ಅವನ ತಲೇಲಿ ಇತ್ತೇನೋ. ಮೇಷ್ಟ್ರ ಮುಖ ಅರಳಿತು. "ನೋಡ್ರೋ, ಇದು ತಲೆ ಅಂದ್ರೆ" ಅಂತ ಬೋರ್ಡ್ ಪೂರ್ತಿ ಒರೆಸಿ ಒಂದು ಪೀರಿಯಡ್ ಫುಲ್ ಅದನ್ನೇ ಹೇಳಿಕೊಟ್ರು. ಆಮ್ಮೀಟರಿನ ರೋಧ ತುಂಬಾ ಕಮ್ಮಿ, ಹರಿಯೋ ಕರೆಂಟೆಲ್ಲ ಅದ್ರ ಒಳಗಿಂದಾನೇ ಹೋಗ್ಬೇಕು ಅದಕ್ಕೆ ಸೀರೀಸು, ವೋಲ್ಟ್‌ಮೀಟರಿನ ರೋಧ ಜಾಸ್ತಿ, ಅದು ಕರೆಂಟನ್ನ ತನ್ನ ಕಡೆ ಎಳ್ಕೊಳ್ದೆ ಎರಡು ತುದಿ ಮಧ್ಯೆ ಇರೋ ವ್ಯತ್ಯಾಸ ಮಾತ್ರ ನೋಡ್ಬೇಕು ಅದಕ್ಕೆ ಪ್ಯಾರಲಲ್ಲು, ಆಮ್ಮೀಟರನ್ನ ಬ್ಯಾಟರಿಗೆ ನೇರವಾಗಿ ಅಡ್ಡ ಹಾಕಿದ್ರೆ ಸುಟ್ಟೇ ಹೋಗುತ್ತೆ. ಎಷ್ಟು ಚೆನ್ನಾಗಿ ಹೇಳಿದ್ರು ಅಂದ್ರೆ ಇವತ್ತಿಗೂ ಒಂದಕ್ಷರ ಮರ್ತಿಲ್ಲ. ಅಳು ಬಂದಿದ್ದೂ ಮರ್ತಿಲ್ಲ.

ಮೇಷ್ಟ್ರೊಬ್ಬರದ್ದೇ ತಪ್ಪು ಅಂದ್ರೆ ಅನ್ಯಾಯ ಆಗುತ್ತೆ. ಮ್ಯಾಥ್ಸ್ ಮಿಸ್ಸೂ ಹಂಗೇ. ಹುಡುಗೀರಿಗೆ ಪ್ರಮೇಯದ ಹೇಳಿಕೆ ಒಪ್ಪಿಸೋಕೆ ಹೇಳೋರು, ಸಾಧನೆಗೆ ಬೋರ್ಡ್ ಹತ್ರ ಕರೀತಿದ್ದಿದ್ದು ಹುಡುಗರನ್ನ. ಕಾರ್ಯಾನುಭವ ಪೀರಿಯಡ್ಡಲ್ಲಿ ನಮಗೆ ಹೊಲಿಗೆ, ಅವ್ರಿಗೆ ತೋಟ. ಇನ್ಸ್‌ಪೆಕ್ಷನ್ನಿಗೆ ಸಾಹೇಬ್ರು ಬಂದ್ರೆ ರಂಗೋಲಿ, ಪ್ರಾರ್ಥನೆ, ಕಾಫಿ ತಂದು ಕೊಡೋದು ನಾವು. ಇನ್ನು ಏಟು, ಅದು ಪೂರ್ತಿ ಹುಡುಗರದ್ದು. ಹೋಂವರ್ಕ್ ತರದೆ ಇದ್ದಿದ್ದಕ್ಕೆ ನನ್ನ ನಿಲ್ಲಿಸಿ ಬುದ್ಧಿ ಹೇಳಿ ಕೂರಿಸಿದ ದಿನಾನೇ ಕೊನೇ ಬೆಂಚಿನ ಒಬ್ಬ ಹುಡುಗನಿಗೆ ಬೆತ್ತ ಮುರಿಯೋ ಹಂಗೆ ಹೊಡೆದ್ರು. ಅವನು ರಾತ್ರಿ ಹೋಟ್ಲಲ್ಲಿ ಲೋಟ ತೊಳೆಯೋ ಕೆಲ್ಸ ಮಾಡ್ತಿದ್ದ, ಅದನ್ನ ಯಾರೂ ಕೇಳ್ಲಿಲ್ಲ, ಗಂಡು ಹುಡುಗ ಅಲ್ವಾ, ತಡ್ಕೋತಾನೆ ಅಂತ. ಅರ್ಧ ವರ್ಷದಲ್ಲೇ ಸ್ಕೂಲ್ ಬಿಟ್ಟ. ಅವನ ಅಂಗೈ ಬಾತ್ಕೊಂಡಿದ್ದು ನನ್ನ ಕಣ್ಣಿಂದ ಹೋಗಿಲ್ಲ, ನಮ್ಮ ಕ್ಲಾಸಲ್ಲಿ ಅನ್ಯಾಯ ಆಗಿದ್ದು ಹುಡುಗೀರಿಗೆ ಮಾತ್ರ ಅಂತ ನಾನು ಹೇಳಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಪೇಪರ್ ತಿದ್ದೋರಿಗೆ ಹೆಸರು ಗೊತ್ತಾಗಲ್ಲ, ಹುಡುಗನೋ ಹುಡುಗೀನೋ ಗೊತ್ತಾಗಲ್ಲ, ಇರೋದು ಒಂದು ನಂಬರ್ರು ಮಾತ್ರ. ಸೈನ್ಸಲ್ಲಿ ನಂಗೆ 91 ಬಂತು, ಆ ವರ್ಷ ಸ್ಕೂಲಿಗೇ ಜಾಸ್ತಿ. ಮಾರ್ಕ್ಸ್ ಕಾರ್ಡ್ ಕೊಡುವಾಗ ಮೇಷ್ಟ್ರು ನಿಜವಾಗ್ಲೂ ಖುಷಿಯಾಗಿ ತಲೆ ಮೇಲೆ ಕೈಯಿಟ್ಟು ಹೇಳಿದ್ರು, "ಉರು ಹೊಡೆದಿದ್ದು ಸಾರ್ಥಕ ಆಯ್ತು ನೋಡಮ್ಮ." 84 ತಗೊಂಡ ಮಿಲ್ ಓನರ್ ಮಗನಿಗೆ, "ತಲೆ ಇದೆ ಇವನಿಗೆ, ಸ್ವಲ್ಪ ಕೂತು ಓದಿದ್ರೆ ಎಲ್ಲೋ ಹೋಗ್ತಿದ್ದ."

ಉರು ಹೊಡೆಯೋದು ಅನ್ನೋ ಆ ಮಾತು ನನ್ನ ಎಷ್ಟು ವರ್ಷ ಹಿಂಬಾಲಿಸ್ತು ಅಂದ್ರೆ, ಡಿಪ್ಲೊಮಾಗೆ ಎಲೆಕ್ಟ್ರಿಕಲ್ ತಗೊಂಡಾಗ್ಲೂ ಫಸ್ಟ್ ಕ್ಲಾಸಲ್ಲಿ ಪಾಸಾದಾಗ್ಲೂ ನಂಗೆ ನಿಜವಾಗಿ ಗೊತ್ತಿಲ್ಲ, ನೆನಪಿಟ್ಕೊಂಡಿದೀನಿ ಅಷ್ಟೇ ಅನ್ಸೋದು. ಈಗಲೂ ಪ್ರತಿ ವರ್ಷ ರಿಸಲ್ಟ್ ದಿನ ಪೇಪರಲ್ಲಿ "ಬಾಲಕಿಯರೇ ಮೇಲುಗೈ" ಅಂತ ಬರುತ್ತೆ, ಪಕ್ಕದಲ್ಲಿ ಕೂತಿರೋರು ಯಾರಾದ್ರೂ "ಮನೇಲೇ ಇರ್ತಾರಲ್ಲ, ಉರು ಹೊಡೀತಾರೆ" ಅಂತಾರೆ, ಆಗ ನನ್ನ ಹೊಟ್ಟೆ ಒಳಗೆ ಏನೋ ಹಿಂಡ್ದಂಗೆ ಆಗುತ್ತೆ. ಹತ್ತರಲ್ಲಿ ಮೇಲುಗೈ ಆದ ಈ ಹುಡುಗೀರು ಆಮೇಲೆ ಎಲ್ಲಿ ಹೋಗ್ತಾರೆ? ಐಐಟಿಗಳಲ್ಲಿ ಹುಡುಗೀರು ಎಷ್ಟು ಕಮ್ಮಿ ಇದ್ರು ಅಂದ್ರೆ 2018ರಿಂದ ಅವ್ರಿಗೇ ಅಂತ ಹೆಚ್ಚುವರಿ ಸೀಟು ಮಾಡ್ಬೇಕಾಯ್ತು, ಮೊದಲ ವರ್ಷದ ಗುರಿ 14 ಪರ್ಸೆಂಟು, 2020ಕ್ಕೆ 20. ಹೋಗ್ಲಿ ಬಿಡಿ ಅನ್ನೋ ವಿಷ್ಯ ಅಲ್ಲ ಇದು.

ಲ್ಯಾಬ್ ಗೋಡೆ ಮೇಲಿದ್ದ ಆ ಫೋಟೋ ಬಗ್ಗೆ ನಂಗೆ ಗೊತ್ತಾಗಿದ್ದು ಕೆಲ್ಸಕ್ಕೆ ಸೇರಿದ್ಮೇಲೆ. 1933ರಲ್ಲಿ ಕಮಲಾ ಭಾಗವತ್ ಅನ್ನೋ ಹುಡುಗಿ ಬಾಂಬೆ ಯೂನಿವರ್ಸಿಟಿಯ ಬಿಎಸ್ಸೀಲಿ ಮೊದಲನೇ ಸ್ಥಾನ ತಗೊಂಡು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದ್ರೆ ಈಗಿನ ಐಐಎಸ್ಸಿಗೆ, ಅರ್ಜಿ ಹಾಕಿದಾಗ ಡೈರೆಕ್ಟರ್ ಆಗಿದ್ದ ರಾಮನ್ ಅವರು ಹೆಂಗಸು ಅನ್ನೋ ಕಾರಣಕ್ಕೆ ಸೇರಿಸ್ಕೊಳ್ಳಲ್ಲ ಅಂದ್ರಂತೆ. ಆಕೆ ಬಿಡ್ಲಿಲ್ಲ, ಬೆಂಗಳೂರಿಗೇ ಬಂದು ಪಟ್ಟು ಹಿಡಿದ್ರು. ಕೊನೆಗೆ ಒಂದು ವರ್ಷ ನೋಡ್ತೀವಿ ಅನ್ನೋ ಷರತ್ತಿನ ಮೇಲೆ ಸೇರಿಸ್ಕೊಂಡ್ರು. ಹಾಲು, ಬೇಳೆಕಾಳಿನ ಪ್ರೋಟೀನ್ ಮೇಲೆ ಅವರು ಮಾಡಿದ ಕೆಲ್ಸ ನೋಡಿದ್ಮೇಲೆ ರಾಮನ್ ಅವರೇ ಹೆಣ್ಣುಮಕ್ಕಳಿಗೆ ಬಾಗಿಲು ತೆಗೆದ್ರು. ಆಕೆ 1939ರಲ್ಲಿ ಕೇಂಬ್ರಿಡ್ಜಲ್ಲಿ ಪಿಎಚ್‌ಡಿ ತಗೊಂಡ್ರು, ಮುಂದೆ ಮದುವೆಯಾದ್ಮೇಲೆ ಕಮಲಾ ಸೊಹೊನಿ ಆದ್ರು. ಇದನ್ನ ಓದಿದ ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ. ಪ್ರತಿ ಫೆಬ್ರವರಿ 28ಕ್ಕೆ, ವಿಜ್ಞಾನ ದಿನದಂದು, ಆ ಫೋಟೋಗೆ ಹೂವಿನ ಹಾರ ಕಟ್ತಿದ್ದಿದ್ದು ನಾವು ಹುಡುಗೀರೇ, ಪಕ್ಕದಲ್ಲಿ ಈ ಅಮ್ಮನ ಫೋಟೋನೂ ಒಂದಿದ್ದಿದ್ರೆ ಅಂತ ಅನಿಸ್ತಾನೇ ಇತ್ತು.

ಈಗ ನಾನು 66 ಕೆವಿ ಸಬ್‌ಸ್ಟೇಷನ್ ಒಂದರಲ್ಲಿ ಇಂಜಿನಿಯರ್ರು. ಅಲ್ಲೂ ಅದೇ ಪಾಠ, ಲೈನಿನ ಕರೆಂಟ್ ಅಳೆಯೋ ಸಿ.ಟಿ. ಸೀರೀಸಲ್ಲಿ, ವೋಲ್ಟೇಜ್ ಅಳೆಯೋ ಪಿ.ಟಿ. ಪ್ಯಾರಲಲ್ಲಲ್ಲಿ, ಸಿ.ಟಿ.ಯ ಸೆಕೆಂಡರಿ ವೈರನ್ನ ಲೈನ್ ಚಾಲೂ ಇದ್ದಾಗ ಯಾವತ್ತೂ ಬಿಚ್ಚಬಾರದು, ಬಿಚ್ಚಿದ್ರೆ ಪ್ರಾಣಕ್ಕೇ ಅಪಾಯ. ಸೇರಿದ ಹೊಸದ್ರಲ್ಲಿ ಇಲ್ಲೂ ಒಬ್ರು ಹಿರಿಯರು, ಪಾಪ ಕೆಟ್ಟ ಮನಸ್ಸಿಂದ ಅಲ್ಲ, "ನೀವು ಗಂಟೆಗಂಟೆ ರೀಡಿಂಗ್ ಬರ್ಕೊಳ್ಳಿ ಮೇಡಂ, ಯಾರ್ಡಿಗೆ ನಾವು ಹೋಗ್ತೀವಿ" ಅಂದಾಗ ಇಪ್ಪತ್ತೆರಡು ವಯಸ್ಸಿನ ನಾನು ಮೊದಲನೇ ಸಲ "ನಾನೂ ಬರ್ತೀನಿ ಸಾರ್" ಅಂದೆ. ಕೈ ನಡುಗ್ತಿತ್ತು, ಅಷ್ಟು ದಿನ ವೈರು ಮುಟ್ಟೋಕೆ ಬಿಡದೆ ಇದ್ದಿದ್ದಕ್ಕೆ ಆದ ನಷ್ಟ ಅದು, ಪುಸ್ತಕ ಓದಿ ತುಂಬ್ಕೊಳ್ಳೋಕೆ ಆಗಲ್ಲ. ತಪ್ಪು ಕನೆಕ್ಷನ್ ಕೊಟ್ಟು ಬೈಸ್ಕೊಳ್ಳೋ ಅವಕಾಶ ಹದಿನೈದನೇ ವಯಸ್ಸಲ್ಲಿ ಸಿಗ್ಬೇಕಿತ್ತು ನಂಗೆ.

ಈ ಸಲದ ಗುರುವಂದನೆಗೆ ನಮ್ಮ ಬ್ಯಾಚಿಂದ ಲ್ಯಾಬಿಗೆ ಹತ್ತು ಸೆಟ್ ಸಾಮಾನು ಕೊಟ್ಟಿದೀವಿ. ಈಗಿನ ಮೇಷ್ಟ್ರುಗಳ ಹತ್ರ ನನ್ನ ಕೋರಿಕೆ ಒಂದೇ, ಗುಂಪಲ್ಲಿ ಕನೆಕ್ಷನ್ ಕೊಡೋ ಸರದಿ ದಯವಿಟ್ಟು ಎಲ್ಲರಿಗೂ ಬರಲಿ, ರೀಡಿಂಗ್ ಬರೆಯೋ ಸರದೀನೂ.

ನಮ್ಮ ಹಳೇ ಮೇಷ್ಟ್ರೂ ಬಂದಿದ್ರು ಅವತ್ತು. ಕಣ್ಣು ಮಂಜಾಗಿದೆ, ಆದ್ರೂ ಹೆಸರು ಹೇಳಿದ ತಕ್ಷಣ "ದುಂಡಕ್ಷರದ ಹುಡುಗಿ" ಅಂದ್ರು, ನನ್ನ ರೆಕಾರ್ಡ್ ಬುಕ್ ರಿಟೈರ್ ಆಗೋ ತನಕ ಇಟ್ಕೊಂಡಿದ್ರಂತೆ. ಕಾಲಿಗೆ ನಮಸ್ಕಾರ ಮಾಡಿ ಪಕ್ಕದಲ್ಲಿ ಕೂತೆ. ಸಬ್‌ಸ್ಟೇಷನ್ ಕೆಲ್ಸ ಅಂದಾಗ ಅವ್ರಿಗೆ ಎಷ್ಟು ಆಶ್ಚರ್ಯ ಆಯ್ತು ಅಂದ್ರೆ ಎರಡು ಸಲ ಕೇಳಿದ್ರು. ಆಮೇಲೆ, "ನಿಂಗೆ ಅಷ್ಟು ಆಸಕ್ತಿ ಇದ್ದಿದ್ದು ನಂಗೆ ಗೊತ್ತೇ ಆಗ್ಲಿಲ್ಲಮ್ಮ, ಆವಾಗ್ಲೇ ನನ್ನ ಕೇಳ್ಬೇಕಿತ್ತು ನೀನು."

"ಕೇಳಿದ್ದೆ ಸಾರ್" ಅಂದೆ.

ಅವರು ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಊಟಕ್ಕೆ ಕೂಗಿದ್ರು, ನನ್ನ ಭುಜ ಹಿಡ್ಕೊಂಡು ಎದ್ರು, ಮೆಟ್ಲು ಇಳಿಯುವಾಗ ನಿಂತು "ಏನು ಕೇಳಿದ್ದೆ ಹೇಳು" ಅಂದ್ರು. ಪಂಕ್ತೀಲಿ ಎಲೆ ಮುಂದೆ ಕೂತು ಆ ಪ್ರಶ್ನೇನ ಮತ್ತೆ ಕೇಳಿದೆ.