ಮಾಗಡಿ ಕೆರೆಯ ಬೆಳಗು
ಇವತ್ತು ಬೆಳಗ್ಗೆ ಚಳಿಯಲ್ಲಿ ನಡುಗುತ್ತಾ ಶಿರಹಟ್ಟಿ ಹತ್ತಿರದ ಮಾಗಡಿ ಕೆರೆ ಏರಿ ಮೇಲೆ ನಡೆದೆ. ಬೆಂಗಳೂರು ಪಕ್ಕದ್ದಲ್ಲ, ಗದಗ ಜಿಲ್ಲೆಯ ಮಾಗಡಿ. ನೆತ್ತಿ ಮೇಲೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತುಗಳು, ಹಿಮಾಲಯವನ್ನೇ ದಾಟಿ ಬಂದವು, ಸಾಲುಸಾಲಾಗಿ ಕೂಗುತ್ತಾ ನೀರಿಗಿಳಿದವು. ಬೈನಾಕ್ಯುಲರ್ ಮನೆಯಲ್ಲೇ ಮರೆತಿದ್ದೆ, ಸುಮ್ನೆ ನೋಡುತ್ತಾ ಕೂತೆ. ರಾತ್ರಿಯೆಲ್ಲಾ ಎಲ್ಲಿದ್ದವು ಅಂತ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜನನ್ನು ಕೇಳಿದರೆ, 'ಎಲ್ಲಿ ಅಂತೀಯಪ್ಪಾ, ನಮ್ಮ ಹೊಲದಾಗ ಕಡ್ಲಿ ಮೇಯಾಕ ಹೋಗಿದ್ವು' ಅಂತ ನಕ್ಕರು. 2024ರಲ್ಲಿ ಈ ಕೆರೆಗೆ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನೋ ಮಾನ್ಯತೆ, ಸಿಕ್ಕಾಗ ನಾನೂ ಖುಷಿಯಾಗಿ ಸ್ಟೇಟಸ್ ಹಾಕಿದ್ದೆ, ಆದರೆ ಈ ಅತಿಥಿಗಳ ಊಟದ ಖರ್ಚು ಯಾರ ತಲೆ ಮೇಲೆ ಅಂತ ಯೋಚಿಸಿರಲೇ ಇಲ್ಲ ನೋಡಿ. ವಾಪಸ್ ಬರುವಾಗ ಕರೆಂಟ್ ತಂತಿ ಮೇಲೆ ಒಂದು ನೀಲಕಂಠ ಕೂತಿತ್ತು.