ಕಣ್ಣಿನ ಕ್ಲಿನಿಕ್ಕಿಗೆ ಕ್ಲೌಡ್ ಸಾಫ್ಟ್‌ವೇರ್: ತೊಡಕು ಎಲ್ಲೆಲ್ಲಿ?

ಕಣ್ಣಿನ ಕ್ಲಿನಿಕ್ಕಿನಲ್ಲಿ ರೋಗಿಯ ದಾಖಲೆ ಎಂದರೆ ಬರೀ ಬರಹವಲ್ಲ. ಜ್ವರ, ಕೆಮ್ಮು ನೋಡುವ ವೈದ್ಯರಿಗೆ ನಾಲ್ಕು ಸಾಲಿನ ಟಿಪ್ಪಣಿ, ಒಂದು ಲ್ಯಾಬ್ ರಿಪೋರ್ಟು, ಒಂದು ಔಷಧಿ ಚೀಟಿ ಇದ್ದರೆ ಕೆಲಸ ನಡೆಯುತ್ತದೆ. ಇಲ್ಲಿ ಆಟೋರಿಫ್ರ್ಯಾಕ್ಟರ್ ಯಂತ್ರ ಅಳೆದ ಕಣ್ಣಿನ ನಂಬರು, ಲೆನ್ಸೋಮೀಟರ್ ಓದಿದ ಹಳೇ ಕನ್ನಡಕದ ಪವರು, ಟೋನೋಮೀಟರ್ ಅಳೆದ ಕಣ್ಣಿನೊಳಗಿನ ಒತ್ತಡ, ಓಸಿಟಿ (ರೆಟಿನಾ ಅಥವಾ ಅಕ್ಷಿಪಟಲದ ಪದರಗಳನ್ನು ತೋರಿಸುವ ಸ್ಕ್ಯಾನ್), ಫಂಡಸ್ ಫೋಟೋ (ಕಣ್ಣಿನ ಒಳ ಹಿಂಭಾಗದ ಚಿತ್ರ), ಫೀಲ್ಡ್ ಟೆಸ್ಟು (ಸುತ್ತಲಿನ ನೋಟ ಎಷ್ಟಿದೆ ಎಂಬ ಪರೀಕ್ಷೆ), ಪೊರೆ ಆಪರೇಷನ್ ಇದ್ದರೆ ಬಯೋಮೀಟರ್ ಕೊಟ್ಟ ಕಣ್ಣಿನ ಉದ್ದದ ಅಳತೆ, ಇವೆಲ್ಲ ಸೇರಿದರೆ ಒಂದು ಕೇಸ್ ಶೀಟ್. ಯಂತ್ರಗಳೆಲ್ಲ ಕಟ್ಟಡದೊಳಗಿವೆ, ದಾಖಲೆ ಮಾತ್ರ ಎಲ್ಲೋ ದೂರದ ಸರ್ವರಿನಲ್ಲಿ. ಕ್ಲೌಡ್ ಸಾಫ್ಟ್‌ವೇರಿನ ತೊಂದರೆಗಳು ಹೆಚ್ಚಾಗಿ ಹುಟ್ಟುವುದು ಈ ಎರಡರ ನಡುವಿನ ದಾರಿಯಲ್ಲೇ. ಡೆಮೊ ತೋರಿಸುವಾಗ ಆ ದಾರಿ ಕಾಣಿಸುವುದಿಲ್ಲ, ಯಾಕೆಂದರೆ ಅಲ್ಲಿ ಚಿತ್ರಗಳು ಮೊದಲೇ ಸರ್ವರಿನಲ್ಲಿ ಕೂತಿರುತ್ತವೆ.

ಒಂದು ಲೆಕ್ಕ ಹಾಕಿ ನೋಡೋಣ. ಮ್ಯಾಕ್ಯುಲಾದ (ಅಕ್ಷಿಪಟಲದ ನಡುಭಾಗ) ಓಸಿಟಿ ಕ್ಯೂಬ್ 512 × 128 ಸ್ಕ್ಯಾನ್, ಆಳಕ್ಕೆ 1024 ಬಿಂದು ಎಂದಿಟ್ಟುಕೊಂಡರೆ ಒಟ್ಟು 6.7 ಕೋಟಿ ಬಿಂದುಗಳಾಗುತ್ತವೆ. ಬಿಂದುವಿಗೆ ಒಂದು ಬೈಟ್ ಹಿಡಿದರೂ ಸುಮಾರು 67 ಎಂಬಿ. ಆಪ್ಟಿಕ್ ಡಿಸ್ಕಿನ (ಕಣ್ಣಿನ ನರ ಹೊರಡುವ ಜಾಗ) 200 × 200 ಕ್ಯೂಬಿಗೆ ಇನ್ನೊಂದು 41 ಎಂಬಿ. ಎರಡೂ ಕಣ್ಣಿಗೆ ಎರಡೂ ಸ್ಕ್ಯಾನ್ ಮಾಡಿದರೆ ಒಬ್ಬ ರೋಗಿಗೆ 216 ಎಂಬಿ. ಅಪ್‌ಲೋಡ್ ವೇಗ 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್) ಇದ್ದರೆ, ಎಂಟು ಬಿಟ್ಟಿಗೆ ಒಂದು ಬೈಟ್ ಆದ್ದರಿಂದ, ಸೆಕೆಂಡಿಗೆ ಹೋಗುವುದು 1.25 ಎಂಬಿ ಮಾತ್ರ. ಅಂದರೆ ಲೈನು ಪೂರ್ತಿ ಖಾಲಿ ಇದ್ದಾಗಲೂ ಒಬ್ಬರದ್ದು ಹೋಗಲು ಸುಮಾರು ಮೂರು ನಿಮಿಷ. ಹಾಗೆ 40 ಜನರದ್ದಾದರೆ ಹತ್ತಿರ ಹತ್ತಿರ ಎರಡು ಗಂಟೆ ಲೈನು ಅದೊಂದೇ ಕೆಲಸದಲ್ಲಿ ಮುಳುಗಿರುತ್ತದೆ. ಇಂಟರ್ನೆಟ್ ಕಂಪನಿಗಳು ದೊಡ್ಡದಾಗಿ ಬರೆಯುವುದು ಡೌನ್‌ಲೋಡ್ ವೇಗವನ್ನು. ಎಷ್ಟೋ ಪ್ಲಾನುಗಳಲ್ಲಿ ಅಪ್‌ಲೋಡ್ ಅದಕ್ಕಿಂತ ಬಹಳ ಕಡಿಮೆ. ಕಣ್ಣಿನ ಕ್ಲಿನಿಕ್ಕಿಗೆ ಬೇಕಾದದ್ದು ಅಪ್‌ಲೋಡ್.

ಲೈನು ಹೀಗೆ ತುಂಬಿದಾಗ ಬರೀ ಚಿತ್ರ ತಡವಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಅದೇ ಲೈನಿನಲ್ಲಿ ಡಾಕ್ಟರ ಟಿಪ್ಪಣಿಯೂ ಹೋಗಬೇಕು, ರಿಸೆಪ್ಷನ್ನಿನ ಬಿಲ್ಲೂ ಹೋಗಬೇಕು. ಸೇವ್ ಒತ್ತಿದರೆ ಪರದೆ ಎಷ್ಟೋ ಸೆಕೆಂಡ್ ಸುಮ್ಮನೆ ಕೂತುಬಿಡುತ್ತದೆ. "ಸಾಫ್ಟ್‌ವೇರ್ ಸ್ಲೋ" ಎಂದು ಸಪೋರ್ಟಿಗೆ ಫೋನು ಹೋಗುತ್ತದೆ, ಅವರು ತಮ್ಮ ಸರ್ವರ್ ಚೆನ್ನಾಗಿದೆ ಎನ್ನುತ್ತಾರೆ, ಇಬ್ಬರು ಹೇಳುವುದೂ ಸರಿಯೇ. ಇದಕ್ಕೆ ಮದ್ದು ರೂಟರಿನಲ್ಲಿದೆ. ಓಸಿಟಿ ಮತ್ತು ಫಂಡಸ್ ಕ್ಯಾಮೆರಾದ ಕಂಪ್ಯೂಟರುಗಳಿಗೆ ಅಪ್‌ಲೋಡ್ ಮಿತಿ ಹಾಕಿಸಿ, ಉಳಿದ ಕಂಪ್ಯೂಟರುಗಳಿಗೆ ಮೊದಲ ಆದ್ಯತೆ ಕೊಡಿಸಬೇಕು. ಹಗಲು ರಿಪೋರ್ಟಿನ ಪಿಡಿಎಫ್ ಮಾತ್ರ ಹೋಗಲಿ, ಪೂರ್ತಿ ಸ್ಕ್ಯಾನ್ ರಾತ್ರಿ ಹೋಗಲಿ.

ರಾತ್ರಿ ಕಳಿಸುವಾಗ ಒಂದು ಬಲೆ ಇದೆ. ಕೆಲವು ಸಾಫ್ಟ್‌ವೇರುಗಳು ಚಿತ್ರ ತೆಗೆದ ದಿನದ ಬದಲು ಸರ್ವರಿಗೆ ಮುಟ್ಟಿದ ದಿನವನ್ನೇ ತಾರೀಖೆಂದು ತೋರಿಸುತ್ತವೆ. ಮಧ್ಯರಾತ್ರಿ ದಾಟಿ ಹೋದ ಸ್ಕ್ಯಾನ್ ಮರುದಿನದ ಭೇಟಿಯ ಕೆಳಗೆ ಕೂರುತ್ತದೆ. ಕಣ್ಣಿಗೆ ಇಂಜೆಕ್ಷನ್ ಕೊಡುವ ಮುಂಚಿನ ಓಸಿಟಿ ಯಾವುದು, ಆಮೇಲಿನದು ಯಾವುದು ಎಂದು ನೋಡುವಾಗ ಈ ಒಂದು ದಿನದ ವ್ಯತ್ಯಾಸವೇ ದಾರಿ ತಪ್ಪಿಸುತ್ತದೆ. ಚಿತ್ರ ತೆಗೆದ ಸಮಯ, ಅಪ್‌ಲೋಡ್ ಆದ ಸಮಯ ಬೇರೆಬೇರೆಯಾಗಿ ಉಳಿಯುತ್ತವೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಿ.

ಚಿತ್ರ ಕುಗ್ಗಿಸಿ ಕಳಿಸುತ್ತೇವೆ, ಇಷ್ಟೆಲ್ಲ ಭಾರ ಆಗುವುದಿಲ್ಲ ಎಂದು ಕಂಪನಿಯವರು ಹೇಳಬಹುದು. ಆಗ ಪರದೆಯ ಮೇಲೆ ಕಾಣುವುದು ಮೂಲ ಚಿತ್ರವೋ, ಚಿಕ್ಕದು ಮಾಡಿದ ಪ್ರತಿಯೋ ಎಂದು ನೋಡಬೇಕು. ಆಪ್ಟಿಕ್ ಡಿಸ್ಕಿನ ಅಂಚಿನಲ್ಲಿ ಗೆರೆಯಂತಿರುವ ಸಣ್ಣ ರಕ್ತಸ್ರಾವ, ಡಯಾಬಿಟಿಕ್ ರೆಟಿನೋಪತಿಯ ಮೊದಲ ಚುಕ್ಕೆಗಳು ಚಿಕ್ಕ ಪ್ರತಿಯಲ್ಲಿ ಮಾಯವಾಗುತ್ತವೆ. ಅಂಥ ಒಂದು ಫೋಟೋ ಆರಿಸಿ, ಕ್ಯಾಮೆರಾದ ಪರದೆ ಮತ್ತು ಕ್ಲೌಡಿನ ಪರದೆ ಎರಡರಲ್ಲೂ ಅದೇ ಜಾಗವನ್ನು ಹಿಗ್ಗಿಸಿ ಪಕ್ಕಪಕ್ಕ ಇಟ್ಟು ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಈಗ ನೆಟ್ ಹೋಗುವ ವಿಷಯ. ಎಲ್ಲ ಆಸ್ಪತ್ರೆಗಳಿಗೂ ಇದು ಕಷ್ಟವೇ, ಆದರೆ ಕಣ್ಣಿನವರಿಗೆ ಬೇರೆ ಬಗೆಯ ಕಷ್ಟ. ನಮ್ಮ ತಪಾಸಣೆಗೆ ನಡುವೆ ಒಂದು ಬಾಗಿಲಿದೆ: ಪಾಪೆ ಹಿಗ್ಗಿಸುವ ಡ್ರಾಪ್ಸ್. ಟ್ರೊಪಿಕಮೈಡ್ ಹಾಕಿ 20ರಿಂದ 30 ನಿಮಿಷದಲ್ಲಿ ಪಾಪೆ ಹಿಗ್ಗುತ್ತದೆ, ಆಮೇಲೆ ಕೆಲವು ಗಂಟೆ ಹಿಂದಕ್ಕೆ ಬರುವುದಿಲ್ಲ. ಡ್ರಾಪ್ಸಿಗೆ ಮೊದಲು ನೋಡಿದ ಕೆಲವು ಸಂಗತಿಗಳನ್ನು ಆ ದಿನ ಮತ್ತೆ ನೋಡಲಾಗದು: ಟಾರ್ಚಿನ ಬೆಳಕಿಗೆ ಎರಡೂ ಪಾಪೆ ಹೇಗೆ ಸ್ಪಂದಿಸಿದವು, ಒಂದರಲ್ಲಿ ಆರ್‌ಎಪಿಡಿ (ಆ ಕಣ್ಣಿಗೆ ಬೆಳಕು ಬಿಟ್ಟಾಗ ಪಾಪೆ ಕಡಿಮೆ ಕುಗ್ಗುವ ದೋಷ) ಇತ್ತೇ, ಕಣ್ಣಿನ ಮುಂಭಾಗದ, ದ್ರವ ಹೊರಹೋಗುವ ಕೋನ ಕಿರಿದಾಗಿತ್ತೇ, ಡ್ರಾಪ್ಸ್ ಇಲ್ಲದ ಸಹಜ ಸ್ಥಿತಿಯಲ್ಲಿ ಒತ್ತಡ ಎಷ್ಟಿತ್ತು. ಮೊದಲ ತಪಾಸಣೆ ಮಾಡುವ ಆಪ್ಟೊಮೆಟ್ರಿಸ್ಟ್ ಇವನ್ನೆಲ್ಲ ಟೈಪ್ ಮಾಡಿ, ಡ್ರಾಪ್ಸ್ ಹಾಕಿ, ರೋಗಿಯನ್ನು ಕಾಯುವ ಬೆಂಚಿಗೆ ಕಳಿಸಿದ ಮೇಲೆ ಲೈನು ಕಡಿದರೆ ಡಾಕ್ಟರ ಕೋಣೆಯಲ್ಲಿ ಪಾಪೆ ಹಿಗ್ಗಿದ ರೋಗಿ ಇರುತ್ತಾರೆ, ಖಾಲಿ ಪರದೆ ಇರುತ್ತದೆ. ಸೇವ್ ಆಗುವ ಮೊದಲೇ ಕಡಿದಿದ್ದರೆ ಆ ಅಳತೆ ಹೋದಂತೆಯೇ.

ಅದಕ್ಕೇ ಎಷ್ಟೇ ಒಳ್ಳೆಯ ಸಾಫ್ಟ್‌ವೇರ್ ಇದ್ದರೂ ಡ್ರಾಪ್ಸ್ ಹಾಕುವ ಜಾಗದಲ್ಲಿ ಒಂದು ಕಾಗದದ ಚೀಟಿ ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಂಗೈಯಷ್ಟು ಚೀಟಿ ಸಾಕು. ಹೆಸರು, ನಂಬರು, ಬಲಗಣ್ಣು, ಎಡಗಣ್ಣಿನ ದೃಷ್ಟಿ, ಪಾಪೆಯ ಸ್ಪಂದನ, ಕೋನ, ಒತ್ತಡ, ಅದನ್ನು ಅಳೆದ ಗಂಟೆ, ಯಾವ ಯಂತ್ರದಲ್ಲಿ, ಯಾವ ಡ್ರಾಪ್ಸ್, ಎಷ್ಟು ಹೊತ್ತಿಗೆ, ಅಲರ್ಜಿ ಇದ್ದರೆ ಕೆಂಪು ಶಾಯಿಯಲ್ಲಿ. ಚೀಟಿ ರೋಗಿಯ ಕೈಯಲ್ಲೇ ಡಾಕ್ಟರ ಹತ್ತಿರ ಹೋಗಲಿ. ನೆಟ್ ಚೆನ್ನಾಗಿರುವ ದಿನವೂ ಬರೆಯಬೇಕು. ನೆಟ್ ಹೋದ ಮೇಲೆ ಬರೆಯೋಣ ಎಂದರೆ ಅಷ್ಟರಲ್ಲಿ ಡ್ರಾಪ್ಸ್ ಬಿದ್ದಾಗಿರುತ್ತದೆ.

ಎರಡು ಬೇರೆ ಕಂಪನಿಗಳ ಲೈನು, ಒಂದು ಕಡಿದರೆ ಇನ್ನೊಂದಕ್ಕೆ ತಾನಾಗಿ ಹೊರಳುವ ರೂಟರು, ರೂಟರಿಗೂ ಫೈಬರ್ ಡಬ್ಬಕ್ಕೂ ಯುಪಿಎಸ್, ಇವು ಇರಲೇಬೇಕು. ಕಂಪ್ಯೂಟರುಗಳಿಗೆಲ್ಲ ಯುಪಿಎಸ್ ಕೊಟ್ಟು ಫೈಬರ್ ಡಬ್ಬವನ್ನು ಮಾಮೂಲಿ ಪ್ಲಗ್ಗಿಗೆ ಸಿಕ್ಕಿಸಿಬಿಡುವುದು ಸಾಮಾನ್ಯ ತಪ್ಪು. ಕರೆಂಟು ಹೋದಾಗ ಕಂಪ್ಯೂಟರುಗಳು ನಡೆಯುತ್ತಲೇ ಇರುತ್ತವೆ, ಕ್ಲೌಡ್ ಮಾತ್ರ ಸಿಗುವುದಿಲ್ಲ. "ಆಫ್‌ಲೈನ್ ಮೋಡ್ ಇದೆ" ಎಂದರೆ, ಅದರಲ್ಲಿ ಓದಲು ಮಾತ್ರ ಬರುತ್ತದೋ ಬರೆಯಲೂ ಬರುತ್ತದೋ ಕೇಳಿ. ಬರೆಯಬಹುದಾದರೆ, ಒಂದೇ ರೋಗಿಯ ಹಾಳೆಯನ್ನು ಇಬ್ಬರು ಎರಡು ಕೋಣೆಯಲ್ಲಿ ತಿದ್ದಿದಾಗ ಏನಾಗುತ್ತದೆ? ಕೊನೆಗೆ ಸಿಂಕ್ ಆದವರದ್ದೇ ಉಳಿಯುತ್ತದೆ ಎಂದಾದರೆ ಆಪ್ಟೊಮೆಟ್ರಿಸ್ಟ್ ಬರೆದ ಒತ್ತಡವನ್ನು ಡಾಕ್ಟರ ಕಂಪ್ಯೂಟರಿನ ಖಾಲಿ ಕಾಲಂ ಅಳಿಸಿಹಾಕಬಹುದು.

ಸೇವೆ ಇಷ್ಟು ಹೊತ್ತು ಸಿಗುತ್ತದೆ ಎಂದು ಒಪ್ಪಂದದಲ್ಲಿ ಬರೆದಿರುವ ಶೇಕಡಾವಾರಿಗೂ ಅರ್ಥ ತಿಳಿದಿರಲಿ. 99.9% ಎಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಸೇವೆ ಇಲ್ಲದಿದ್ದರೂ ಮಾತು ಉಳಿಸಿಕೊಂಡಂತೆ. 99.5% ಎಂದರೆ ಸುಮಾರು 44 ಗಂಟೆ. ಮುಂಚೆ ತಿಳಿಸಿ ಮಾಡುವ ರಿಪೇರಿಯ ಸಮಯ ಈ ಲೆಕ್ಕಕ್ಕೆ ಸೇರುತ್ತದೆಯೇ ಇಲ್ಲವೇ ಎಂಬುದನ್ನು ಸಣ್ಣಕ್ಷರದಲ್ಲಿ ಹುಡುಕಿ.

ಯಂತ್ರ ಜೋಡಣೆಗೆ ಬರೋಣ. ಹಳೆಯ ಆಟೋರಿಫ್ರ್ಯಾಕ್ಟರು, ಲೆನ್ಸೋಮೀಟರುಗಳು ಆರ್‌ಎಸ್-232 ಸೀರಿಯಲ್ ಕೇಬಲ್ಲಿನಲ್ಲಿ ಮಾತಾಡುತ್ತವೆ. ಬ್ರೌಸರಿನಲ್ಲಿ ತೆರೆಯುವ ಸಾಫ್ಟ್‌ವೇರ್ ಸಾಮಾನ್ಯವಾಗಿ ಆ ಕೇಬಲ್ಲನ್ನು ನೇರವಾಗಿ ಓದುವುದಿಲ್ಲ. ಕಂಪ್ಯೂಟರಿನಲ್ಲಿ ಒಂದು ಸಣ್ಣ ಸೇತುವೆ ಪ್ರೋಗ್ರಾಂ ಹಾಕಿರುತ್ತಾರೆ. ಕೆಡುವುದು ಈ ಸೇತುವೆಯೇ. ಯುಎಸ್‌ಬಿ ಕನ್ವರ್ಟರನ್ನು ಕಸ ಗುಡಿಸುವಾಗ ಕಿತ್ತು ಪಕ್ಕದ ತೂತಿಗೆ ಹಾಕಿದರೆ ಕಂಪ್ಯೂಟರ್ ಅದಕ್ಕೆ ಕೊಟ್ಟ ಕಾಮ್ ಪೋರ್ಟ್ ನಂಬರು ಬದಲಾಗಿ ಅಳತೆ ಬರುವುದು ನಿಲ್ಲಬಹುದು. ನೆಟ್‌ವರ್ಕಿನ ಯಂತ್ರವಾದರೆ ರೂಟರ್ ರೀಸ್ಟಾರ್ಟ್ ಆದ ಮೇಲೆ ಐಪಿ ವಿಳಾಸ ಬದಲಾಗಬಹುದು. ಎರಡಕ್ಕೂ ಪರಿಹಾರ ಸುಲಭ: ಪೋರ್ಟಿನ ಮೇಲೆ ಸ್ಟಿಕ್ಕರ್ ಅಂಟಿಸಿ, ನಂಬರನ್ನು ಡಿವೈಸ್ ಮ್ಯಾನೇಜರಿನಲ್ಲಿ ಸ್ಥಿರ ಮಾಡಿ, ಪ್ರತಿ ಯಂತ್ರಕ್ಕೂ ರೂಟರಿನಲ್ಲಿ ಐಪಿ ಕಾಯ್ದಿರಿಸಿ. ಯಂತ್ರದ ಹೆಸರು, ಪೋರ್ಟು, ಬಾಡ್ ರೇಟು (ಕೇಬಲ್ಲಿನ ವೇಗ), ಐಪಿ ಬರೆದ ಹಾಳೆಯೊಂದು ಗೋಡೆಯ ಮೇಲಿರಲಿ. ಸಪೋರ್ಟಿನವರು ಮೊದಲು ಕೇಳುವುದು ಅದನ್ನೇ.

ಸೇತುವೆ ಕೆಟ್ಟ ದಿನ ಸಿಬ್ಬಂದಿ ಅಳತೆಯನ್ನು ಕೈಯಿಂದ ಟೈಪ್ ಮಾಡುತ್ತಾರೆ. ಕನ್ನಡಕದ ನಂಬರಾದರೆ ರೋಗಿಯ ಮುಂದೆ ಲೆನ್ಸ್ ಇಟ್ಟಾಗ ತಪ್ಪು ಸಿಕ್ಕಿಬೀಳುತ್ತದೆ. ಬಯೋಮೀಟರಿನ ಅಳತೆಯಲ್ಲಿ ಅಂಥ ಎರಡನೇ ಅವಕಾಶವಿಲ್ಲ. ಕಣ್ಣಿನ ಉದ್ದ 23.45 ಮಿಮೀ ಇದ್ದದ್ದನ್ನು 24.35 ಎಂದು ಅಂಕಿ ಹಿಂದುಮುಂದಾಗಿ ಹೊಡೆದರೆ 0.9 ಮಿಮೀ ವ್ಯತ್ಯಾಸ. ಒಂದು ಮಿಮೀ ತಪ್ಪಿಗೆ ಸುಮಾರು 2.5 ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ) ಎಂಬ ಲೆಕ್ಕದಲ್ಲಿ ಆಪರೇಷನ್ ಆದ ಮೇಲೆ ಎರಡು ಡಯಾಪ್ಟರಿಗೂ ಹೆಚ್ಚು ನಂಬರು ಉಳಿಯುತ್ತದೆ, ಅದೂ ಒಳಗೆ ಕೂರಿಸಿದ ಲೆನ್ಸಿನ ಜೊತೆ. ಲೆನ್ಸ್ ಆರಿಸುವಾಗ ಬಯೋಮೀಟರಿನಿಂದಲೇ ಹೊರಬಂದ ಪ್ರಿಂಟು ಕೈಯಲ್ಲಿರಬೇಕು. ಕ್ಲೌಡಿನಲ್ಲಿ ಟೈಪಾದ ಅಂಕಿ ನೋಡಿ ಆಪರೇಷನ್ ಥಿಯೇಟರಿಗೆ ಹೋಗಬಾರದು.

ಓಸಿಟಿ, ಫಂಡಸ್ ಕ್ಯಾಮೆರಾಗಳಿಗೆ ಡೈಕಾಮ್ (ವೈದ್ಯಕೀಯ ಚಿತ್ರಗಳಿಗೆ ಎಲ್ಲ ಕಂಪನಿಗಳೂ ಬಳಸುವ ಮಾದರಿ) ವರ್ಕ್‌ಲಿಸ್ಟ್ ಇದೆಯೇ ಕೇಳಿ. ಇದ್ದರೆ ರೋಗಿಯ ಹೆಸರು, ನಂಬರು ಸಾಫ್ಟ್‌ವೇರಿನಿಂದ ಯಂತ್ರಕ್ಕೆ ತಾನಾಗಿ ಬರುತ್ತದೆ. ಇಲ್ಲದಿದ್ದರೆ ಪ್ರತಿಯೊಬ್ಬರ ಹೆಸರನ್ನೂ ಯಂತ್ರದ ಮುಂದೆ ಮತ್ತೆ ಟೈಪ್ ಮಾಡಬೇಕು. ಒಂದಕ್ಷರ ಬದಲಾದರೆ ಒಬ್ಬರೇ ಇಬ್ಬರಾಗುತ್ತಾರೆ, ಹಿಂದಿನವರ ಹೆಸರು ತೆಗೆಯಲು ಮರೆತರೆ ಇಬ್ಬರು ಒಬ್ಬರಾಗುತ್ತಾರೆ.

ಹಳೆಯ ದಾಖಲೆಗಳನ್ನು ಹೊಸ ಕ್ಲೌಡಿಗೆ ಸಾಗಿಸುವಾಗ ಆಗುವ ಹಾನಿ ಮೊದಲ ವಾರದಲ್ಲಿ ಕಣ್ಣಿಗೇ ಬೀಳುವುದಿಲ್ಲ. ಎರಡು ಸ್ಪಷ್ಟ ಉದಾಹರಣೆ ಕೊಡುತ್ತೇನೆ. ದಾಖಲೆಯನ್ನು ಸಿಎಸ್‌ವಿ ಎಂಬ ಸರಳ ಬರಹದ ಫೈಲಾಗಿ ತೆಗೆದು ಯಾರೋ ಅದನ್ನು "ಸುಮ್ಮನೆ ನೋಡೋಣ" ಎಂದು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡುತ್ತಾರೆ. ಅಲ್ಲಿಗೆ 6/9, 6/12 ದೃಷ್ಟಿ ಹೋಗಿ ತಾರೀಖು ಆಯಿತು, 6/60 ಇದ್ದದ್ದು 1960ರ ಜೂನ್ ಆಯಿತು. +1.50ರ ಪ್ಲಸ್ ಚಿಹ್ನೆಯೂ ಉದುರಿ 1.5 ಮಾತ್ರ ಉಳಿಯಿತು. ಎಲ್ಲ ಕಾಲಂಗಳನ್ನೂ ಟೆಕ್ಸ್ಟ್ ಎಂದು ಹೇಳಿ ಆಮದು ಮಾಡಿಕೊಂಡರೆ ಮಾತ್ರ ಇದು ತಪ್ಪುತ್ತದೆ. ಎರಡನೆಯದು ಸಿಲಿಂಡರ್, ಅಂದರೆ ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಪವರು. ಒಂದೇ ಕನ್ನಡಕವನ್ನು ಪ್ಲಸ್, ಮೈನಸ್ ಎರಡೂ ಬಗೆಯಲ್ಲಿ ಬರೆಯಬಹುದು. −2.00 +1.50 × 90 ಎಂಬ ನಂಬರನ್ನು ಮೈನಸ್ ಸಿಲಿಂಡರಿನಲ್ಲಿ ಬರೆದರೆ −0.50 −1.50 × 180. ಹಳೆಯದು ಪ್ಲಸ್ ಸಿಲಿಂಡರ್, ಹೊಸದು ಮೈನಸ್ ಸಿಲಿಂಡರ್ ಆಗಿದ್ದು, ಸಾಗಿಸಿದವರು ಚಿಹ್ನೆ ಮಾತ್ರ ತಿರುಗಿಸಿದರೆ −2.00 −1.50 × 90 ಎಂದಾಗುತ್ತದೆ. ನೋಡಲು ಸರಿಯಾದ ನಂಬರಿನಂತೆಯೇ ಇದೆ, ಆದರೆ ಅಡ್ಡ ದಿಕ್ಕಿನಲ್ಲಿ ಮೂರು ಡಯಾಪ್ಟರ್ ತಪ್ಪು. ಸಿಲಿಂಡರ್ ಇರುವ 20 ರೋಗಿಗಳನ್ನು ಆರಿಸಿ, ಹಳೆಯ ಹಾಳೆ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಂಕಿ ಹೋಲಿಸಿದ ಮೇಲೆಯೇ ಹಳೆಯ ಸರ್ವರ್ ಆಫ್ ಮಾಡಲು ಒಪ್ಪಿಗೆ ಕೊಡಿ.

ಗ್ಲಾಕೋಮಾ (ಕಣ್ಣಿನ ನರ ಮೆಲ್ಲಗೆ ಹಾಳಾಗುವ ಕಾಯಿಲೆ) ರೋಗಿಗಳಿಗೆ ಆಗುವ ನಷ್ಟ ಇನ್ನೂ ಆಳದ್ದು. 24-2 ಎಂಬ ಮಾದರಿಯ ಫೀಲ್ಡ್ ಟೆಸ್ಟಿನಲ್ಲಿ 54 ಬಿಂದುಗಳ ಅಳತೆ ಇರುತ್ತದೆ. ಈ ಟೆಸ್ಟ್ ಮಾಡುವ ಹಂಫ್ರಿ ಯಂತ್ರದ ಜಿಪಿಎ ಎಂಬ ಹೋಲಿಕೆ ಪ್ರೋಗ್ರಾಂ ಮೊದಲಿನ ಎರಡು ಟೆಸ್ಟನ್ನು ಬುನಾದಿಯಾಗಿ ಹಿಡಿದು, ಆಮೇಲಿನ ಪ್ರತಿ ಟೆಸ್ಟಿನಲ್ಲೂ ಬಿಂದು ಬಿಂದುವನ್ನೇ ಹೋಲಿಸುತ್ತದೆ. ಅವೇ ಮೂರು ಅಥವಾ ಹೆಚ್ಚು ಬಿಂದುಗಳು ಸತತ ಮೂರು ಟೆಸ್ಟಿನಲ್ಲಿ ಕುಸಿದರೆ ಕಾಯಿಲೆ ಮುಂದುವರಿದಿರುವ ಸಂಭವ ಹೆಚ್ಚು ಎಂದು ಹೇಳುತ್ತದೆ. ಕ್ಲೌಡಿಗೆ ಹೋಗುವುದು ಬರೀ ಪಿಡಿಎಫ್ ಆದರೆ ಆ 54 ಅಂಕಿಗಳು ಚಿತ್ರವಾಗಿ ಹೆಪ್ಪುಗಟ್ಟಿಬಿಡುತ್ತವೆ. ಡಾಕ್ಟರು ಹತ್ತು ವರ್ಷದ ಪಿಡಿಎಫ್‌ಗಳನ್ನು ಒಂದೊಂದೇ ತೆರೆದು ಕಣ್ಣಳತೆಯಲ್ಲಿ ಹೋಲಿಸಬೇಕು. ಯಂತ್ರ ಕೆಟ್ಟು ಹೊಸದು ಬಂದಾಗ, "ಎಲ್ಲ ಕ್ಲೌಡಿನಲ್ಲಿದೆಯಲ್ಲ" ಎಂದು ಹಳೆಯದರ ಡಿಸ್ಕನ್ನು ಬಿಸಾಡಿದರೆ ಆ ರೋಗಿಯ ಬುನಾದಿಯೇ ಹೋಯಿತು. ಪ್ರತಿ ಯಂತ್ರದ ಮೂಲ ಡೇಟಾಬೇಸಿನ ಬ್ಯಾಕಪ್ಪನ್ನು ಕ್ಲಿನಿಕ್ಕಿನೊಳಗೆ ಒಂದು ಡಿಸ್ಕಿನಲ್ಲಿ, ಹೊರಗೆ ಇನ್ನೊಂದರಲ್ಲಿ ಇಡಬೇಕು. ಕ್ಲೌಡ್ ಇದೆ ಎಂಬ ಕಾರಣಕ್ಕೆ ಇದನ್ನು ನಿಲ್ಲಿಸಲೇಬಾರದು.

ಅಕ್ಷಿಪಟಲದ ಚಿತ್ರ ಬಿಡಿಸುವವರಿಗೂ ಒಂದು ಮಾತು. ಅಂಟಿಕೊಂಡಿರುವ ಪಟಲಕ್ಕೆ ಕೆಂಪು, ಕಳಚಿದ್ದಕ್ಕೆ ನೀಲಿ, ಕಣ್ಣಿನೊಳಗಿನ ಜೆಲ್ಲಿನಲ್ಲಿ (ವಿಟ್ರಿಯಸ್) ಸೇರಿದ ರಕ್ತಕ್ಕೆ ಹಸಿರು, ಹೀಗೆ ಬಣ್ಣಕ್ಕೊಂದು ಅರ್ಥವಿದೆ. ಬ್ರೌಸರಿನ ಬಣ್ಣದ ಪಟ್ಟಿಯಲ್ಲಿ ಇವು ಇವೆಯೇ, ಪೆನ್ನು ಓಡಿದಷ್ಟೇ ಬೇಗ ಗೆರೆ ಬರುತ್ತದೆಯೇ, ಹಿಂದಿನ ಚಿತ್ರವನ್ನು ಎಳೆದುಕೊಂಡು ಅದರ ಮೇಲೇ ತಿದ್ದಬಹುದೇ ನೋಡಿ. ಇಂಡೈರೆಕ್ಟ್ (ಅಕ್ಷಿಪಟಲ ನೋಡಲು ತಲೆಗೆ ಕಟ್ಟುವ ಉಪಕರಣ) ಹಾಕಿಕೊಂಡು ಕತ್ತಲೆ ಕೋಣೆಯಲ್ಲಿ ನೋಡುತ್ತಿರುವಾಗ 15 ನಿಮಿಷ ಕೀಬೋರ್ಡ್ ಮುಟ್ಟಲಿಲ್ಲ ಎಂದು ಲಾಗೌಟ್ ಆಗಿ ಅರ್ಧ ಬರೆದದ್ದು ಅಳಿಸಿಹೋಗುವ ಸಾಫ್ಟ್‌ವೇರೂ ಇದೆ.

ಸುರಕ್ಷತೆಯ ಬಗ್ಗೆ ಒಂದೇ ಘಟನೆ ಸಾಕು. 2021ರ ಡಿಸೆಂಬರ್ 4ರಂದು ಅಮೆರಿಕದಲ್ಲಿ ಕಣ್ಣಿನ ಕ್ಲಿನಿಕ್ಕುಗಳಿಗೇ ಮೀಸಲಾದ ಐ ಕೇರ್ ಲೀಡರ್ಸ್ ಕಂಪನಿಯ ಮೈಕೇರ್ ಇಂಟೆಗ್ರಿಟಿ ಎಂಬ ಕ್ಲೌಡ್ ಸಾಫ್ಟ್‌ವೇರಿಗೆ ಯಾರೋ ನುಗ್ಗಿ ಡೇಟಾಬೇಸ್‌ಗಳನ್ನೂ ಸಿಸ್ಟಂ ಫೈಲುಗಳನ್ನೂ ಅಳಿಸಿದರು. 20 ಲಕ್ಷಕ್ಕೂ ಹೆಚ್ಚು ರೋಗಿಗಳ ಮಾಹಿತಿ ಅದರ ವ್ಯಾಪ್ತಿಗೆ ಬಂತು. ನುಗ್ಗಿದ್ದು ಒಂದೇ ಕಂಪನಿಗೆ, ಆದರೆ ರೋಗಿಗಳಿಗೆ ಪತ್ರ ಬರೆದು ತಿಳಿಸುವ ಹೊಣೆ ಬಿದ್ದದ್ದು ಹತ್ತಾರು ಕ್ಲಿನಿಕ್ಕುಗಳ ತಲೆಗೆ. ಬ್ಯಾಕಪ್ ಇದೆಯೇ ಎಂದಷ್ಟೇ ಕೇಳಿದರೆ ಸಾಲದು. ನಡೆಯುವ ಸಿಸ್ಟಮ್ಮಿನ ಪಾಸ್‌ವರ್ಡ್ ಸಿಕ್ಕವರು ಬ್ಯಾಕಪ್ಪನ್ನೂ ಅಳಿಸಬಲ್ಲರೇ, ಕೊನೆಯ ಬಾರಿ ಬ್ಯಾಕಪ್ಪಿನಿಂದ ಪೂರ್ತಿ ಎತ್ತಿ ನಿಲ್ಲಿಸಿ ನೋಡಿದ್ದು ಯಾವಾಗ ಎಂದು ಕೇಳಿ.

ಕೊನೆಗೆ, ಬಿಟ್ಟು ಹೋಗುವ ದಾರಿ. ಸೇರುವಾಗಲೇ ಇದನ್ನು ತೆರೆದಿಟ್ಟುಕೊಳ್ಳಬೇಕು, ಯಾಕೆಂದರೆ ಬಿಡುತ್ತೇವೆ ಎಂದ ಮೇಲೆ ಆ ಕಡೆಯವರಿಗೆ ಅವಸರವಿರುವುದಿಲ್ಲ. ಟ್ರಯಲ್ ಅವಧಿಯಲ್ಲೇ ಐದು ರೋಗಿಗಳ ಪೂರ್ತಿ ದಾಖಲೆ ಹೊರತೆಗೆದು ಕೊಡಿ ಎನ್ನಿ: ಒಬ್ಬರು ಗ್ಲಾಕೋಮಾದವರು, ಒಬ್ಬರು ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರು, ಒಬ್ಬರು ಪೊರೆ ಆಪರೇಷನ್ ಆದವರು, ಒಂದು ಮಗು, ಒಬ್ಬರು ಬರೀ ಕನ್ನಡಕಕ್ಕೆ ಬಂದವರು. ಅಂಕಿಗಳು ಅಂಕಿಗಳಾಗಿ ಬರಬೇಕು, ಓಸಿಟಿ ಡೈಕಾಮ್ ಆಗಿ ಬರಬೇಕು, ಯಾರು ಯಾವಾಗ ತಿದ್ದಿದರು ಎಂಬ ಇತಿಹಾಸವೂ ಬರಬೇಕು. ಹಾಗೆ ಬಂದ ಓಸಿಟಿಯನ್ನು ಅವರ ಸಾಫ್ಟ್‌ವೇರ್ ಇಲ್ಲದ ಬೇರೊಂದು ಕಂಪ್ಯೂಟರಿನಲ್ಲಿ, ಯಾವುದಾದರೂ ಉಚಿತ ಡೈಕಾಮ್ ವ್ಯೂವರಿನಲ್ಲಿ ತೆರೆದು, ಬಲಗಣ್ಣು ಬಲಗಣ್ಣೆಂದೇ ತೋರಿಸುತ್ತಿದೆಯೇ ಎಂದು ನೋಡಿ.